ಆಹಾರದಲ್ಲಿನ ರೋಗಕಾರಕ ಬ್ಯಾಕ್ಟೀರಿಯಾಗಳ ಪತ್ತೆ: ಬೆಳಕಿನ ಉಪಕರಣ ಮತ್ತು ಪ್ರಯೋಗಾಲಯದ ವರದಿ

ಬೇಡಕಿಹಾಳ ಹಾಗೂ ಚಿಕ್ಕೋಡಿ, ನಿಪ್ಪಾಣಿ ಭಾಗದ ಗ್ರಾಮಗಳಲ್ಲಿ ಮದುವೆ ಅಥವಾ ಜಾತ್ರೆಯ ಊಟದ ನಂತರ ವಾಂತಿಭೇದಿ ಕಾಣಿಸಿಕೊಂಡಲ್ಲಿ, ಆಹಾರದ ಮಾದರಿಯನ್ನು ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ. ಕಡಿಮೆ ವೆಚ್ಚದ ಬೆಳಕಿನ ಉಪಕರಣಗಳಿರುವಾಗ ವರದಿಗೆ ಹಲವು ದಿನಗಳು ಏಕೆ ಬೇಕು ಎಂಬುದು ಅರ್ಜಿದಾರರ ಸಹಜ ಪ್ರಶ್ನೆಯಾಗಿರುತ್ತದೆ.

ಬಣ್ಣವನ್ನು ನೋಡಿ ಬ್ಯಾಕ್ಟೀರಿಯಾಗಳನ್ನು ಅಂದಾಜಿಸುವ ಕ್ರಮವು ಹೈನುಗಾರಿಕೆಯಲ್ಲಿ ಹಳೆಯದು. 10 ಮಿ.ಲೀ. ಹಾಲಿಗೆ 1 ಮಿ.ಲೀ. ಮೆಥಿಲೀನ್ ಬ್ಲೂ ದ್ರಾವಣ ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿದಾಗ, ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಕೊಂಡಂತೆ ನೀಲಿ ಬಣ್ಣ ಮಾಯವಾಗುತ್ತದೆ. ಬಣ್ಣವು 5 ಗಂಟೆ ಉಳಿದರೆ ಹಸಿ ಹಾಲು ಅತ್ಯುತ್ತಮ. ಅರ್ಧ ಗಂಟೆಯಲ್ಲೇ ಹೋದರೆ ಕಳಪೆ. ಡಿ.ವಿ.ಡಿ.ಯ ತುಂಡು ಮತ್ತು ವೆಬ್ ಕ್ಯಾಮೆರಾದಿಂದ ರಚಿಸಿದ ಸರಳ ರೋಹಿತದರ್ಶಕವೂ ಇಂತಹ ಬದಲಾವಣೆಯನ್ನು ಅಳೆಯಬಲ್ಲದು. ಆದರೆ ಹಾಲಿನಲ್ಲಿರುವ ಬ್ಯಾಕ್ಟೀರಿಯಾ ಯಾವುದು ಎಂಬುದು ಇದರಿಂದ ತಿಳಿಯುವುದಿಲ್ಲ.

ಅದನ್ನು ತಿಳಿಯಲು ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಪ್ರಕಟಿಸಿದ ಪರಿಣಾಮವನ್ನು ಬಳಸಲಾಗುತ್ತದೆ. ಲೇಸರ್ ಬೆಳಕು ಬಿದ್ದಾಗ ಜೀವಕೋಶದ ಪ್ರೋಟೀನ್, ಕೊಬ್ಬು ಮತ್ತು ಡಿ.ಎನ್.ಎ. ಅಣುಗಳು ಅದರ ಅತ್ಯಲ್ಪ ಭಾಗವನ್ನು ಬಣ್ಣ ಬದಲಿಸಿ ಚದುರಿಸುತ್ತವೆ. ಈ ಕ್ಷೀಣ ಸಂಕೇತವನ್ನು ಆಹಾರದ ಸ್ವಂತ ಹೊಳಪು ಮುಚ್ಚಿಬಿಡುತ್ತದೆ. ಆದುದರಿಂದ ಗಣಕಯಂತ್ರವು ಹಿನ್ನೆಲೆಯ ಹೊಳಪನ್ನು ಕಳೆದು, ಅನಗತ್ಯ ಏರಿಳಿತಗಳನ್ನು ನಯಗೊಳಿಸಿ, ಉಳಿದ ರೇಖೆಯನ್ನು ಪರಿಚಿತ ಬ್ಯಾಕ್ಟೀರಿಯಾಗಳ ರೋಹಿತಗಳೊಂದಿಗೆ ಹೋಲಿಸುತ್ತದೆ. ಸಂಗ್ರಹದಲ್ಲಿ ಇಲ್ಲದ ಬ್ಯಾಕ್ಟೀರಿಯಾವನ್ನು ಅದು ಬೇರೊಂದೆಂದು ತಪ್ಪಾಗಿ ಹೆಸರಿಸುವ ಸಂಭವವಿದೆ.

ಇದಕ್ಕಿಂತ ದೊಡ್ಡ ತೊಡಕು ಪ್ರಮಾಣದ್ದು. ಹಲವು ಆಹಾರಗಳಲ್ಲಿ ಸಾಲ್ಮೊನೆಲ್ಲಾ 25 ಗ್ರಾಂ ಮಾದರಿಯಲ್ಲಿ ಇರಲೇಕೂಡದು. ಅಷ್ಟರಲ್ಲಿ ಒಂದೆರಡು ಜೀವಕೋಶಗಳಷ್ಟೇ ಇದ್ದರೆ ಲೇಸರ್ ಕಿರಣದ ಕೆಳಗೆ ಅವು ಬರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಮೊದಲು ಪೋಷಕ ದ್ರಾವಣದಲ್ಲಿ ಅವುಗಳನ್ನು ಬೆಳೆಸಿ, ನಂತರ ಪ್ರತ್ಯೇಕಿಸಿ ಖಚಿತಪಡಿಸಿಕೊಳ್ಳಬೇಕು. ದಿನಗಳು ಕಳೆಯುವುದು ಇಲ್ಲಿಯೇ. ಬೆಳೆಸುವ ವಿಧಾನಕ್ಕೂ ಮಿತಿಯಿದೆ. ಪೇಢೆ, ಖೋವಾಗಳಲ್ಲಿ ಬೆಳೆಯಬಲ್ಲ ಸ್ಟ್ಯಾಫಿಲೋಕಾಕಸ್ ಬಿಸಿಗೆ ಸತ್ತರೂ ಅದರ ವಿಷ ಉಳಿಯಬಹುದಾದ್ದರಿಂದ, ವಿಷಕ್ಕೆ ಪ್ರತ್ಯೇಕ ಪರೀಕ್ಷೆ ಬೇಕಾಗುತ್ತದೆ.

ಖರೀದಿದಾರರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಕಲಂ 40ರನ್ವಯ ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಸುವಾಗಲೇ ವ್ಯಾಪಾರಿಗೆ ತಿಳಿಸಿರಬೇಕು. ಹಲವರು ಗಮನಿಸದ ಷರತ್ತು ಇದು. ಆಹಾರವು ಅಧಿನಿಯಮಕ್ಕೆ ಅನುಗುಣವಾಗಿಲ್ಲವೆಂದು ವರದಿಯಾದಲ್ಲಿ ಶುಲ್ಕವನ್ನು ಹಿಂಪಡೆಯಲು ಅವರು ಅರ್ಹರು. ಊಟದಿಂದ ಅಸ್ವಸ್ಥತೆ ಉಂಟಾದ ಸಂದರ್ಭದಲ್ಲಿ ರೋಗಿಯನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಆಹಾರ ಸುರಕ್ಷತಾ ಅಧಿಕಾರಿಗೆ ದೂರು ನೀಡತಕ್ಕದ್ದು. ಅಧಿಕಾರಿ ಕಳುಹಿಸಿದ ಮಾದರಿಯು ತಲುಪಿದ 14 ದಿನಗಳೊಳಗೆ ವಿಶ್ಲೇಷಕರು ವರದಿ ನೀಡಬೇಕೆಂದು ಕಲಂ 46 ವಿಧಿಸುತ್ತದೆ.

ಉಳಿದ ಆಹಾರವನ್ನು ಚೆಲ್ಲದೆ, ಕುದಿಯುವ ನೀರಿನಲ್ಲಿ ತೊಳೆದು ಆರಿಸಿದ ಡಬ್ಬಿಯಲ್ಲಿ ಮುಚ್ಚಿ, ಫ್ರಿಜ್‌ನಲ್ಲಿ ಅಥವಾ ಮಂಜುಗಡ್ಡೆಯ ನಡುವೆ ಇರಿಸುವುದು. ಹಾಲು ಕೆಡದಿರಲೆಂದು ಫಾರ್ಮಾಲಿನ್ ಹಾಕಿದಲ್ಲಿ ಬ್ಯಾಕ್ಟೀರಿಯಾಗಳು ಸತ್ತು, ಮಾದರಿಯು ಈ ಪರೀಕ್ಷೆಗೆ ನಿರುಪಯುಕ್ತವಾಗುತ್ತದೆ.