ಕೊರಿಯದ ಅಡಿಗೆಮನೆ: ಭರಣಿಯಲ್ಲಿ ಬಾಳುವ ರುಚಿ

1670ರ ಸುಮಾರಿನಲ್ಲಿ ಕೊರಿಯ ದೇಶದ ವೃದ್ಧ ಗೃಹಿಣಿಯೊಬ್ಬರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮಂಜಾದ ಕಣ್ಣುಗಳಿಂದ ಪುಸ್ತಕವೊಂದನ್ನು ಬರೆದು ಮುಗಿಸಿದರು. ಆಕೆಯ ಹೆಸರು ಜಾಂಗ್ ಗ್ಯೆಹ್ಯಾಂಗ್, ಜನಿಸಿದುದು 1598ರಲ್ಲಿ. ಪಂಡಿತರು ಚೀನೀ ಲಿಪಿಯಲ್ಲಿ ಗ್ರಂಥಗಳನ್ನು ರಚಿಸುತ್ತಿದ್ದ ಆ ಕಾಲದಲ್ಲಿ ಆಕೆ ಹೆಂಗಸರಿಗೂ ಸುಲಭವಾಗಿದ್ದ ಹಂಗುಲ್ ಲಿಪಿಯನ್ನೇ ಆರಿಸಿಕೊಂಡರು. 'ಉಮ್ಸಿಕ್ ದಿಮಿಬಾಂಗ್' ಎಂಬ ಆ ಹೊತ್ತಗೆಯಲ್ಲಿರುವುದು ಅಡಿಗೆಯ ವಿಚಾರ: ತಿನಿಸುಗಳು, ಮದ್ಯಗಳು, ಪದಾರ್ಥಗಳನ್ನು ಕೆಡದಂತೆ ಕಾಪಿಡುವ ಕ್ರಮಗಳು, ಎಲ್ಲ ಸೇರಿ 146 ಬಗೆ. ಕೊನೆಯಲ್ಲಿ ಒಂದು ಕಟ್ಟಪ್ಪಣೆಯನ್ನೂ ಬರೆದಿಟ್ಟರು. ಹೆಣ್ಣುಮಕ್ಕಳು ಬೇಕಾದರೆ ಪ್ರತಿ ಮಾಡಿಕೊಂಡು ಹೋಗಬಹುದು. ಮೂಲ ಪುಸ್ತಕವನ್ನು ಒಯ್ಯುವ ಯೋಚನೆಯನ್ನು ಮಾತ್ರ ಯಾರೂ ಮಾಡಕೂಡದು!

ಅಡಿಗೆಯ ವಿದ್ಯೆಯು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೇಗೆ ದಾಟುತ್ತದೆ, ದಾಟದಿದ್ದರೆ ಏನಾಗುತ್ತದೆ ಎಂಬ ಚಿಂತೆ ಆ ದೇಶದಲ್ಲಿ ಇಂದಿಗೂ ತೀರಿಲ್ಲ.

ಅನ್ನವೇ ಊಟ

ಕೊರಿಯನ್ನರಿಗೆ ಅನ್ನವೆಂದರೆ ಊಟ, ಊಟವೆಂದರೆ ಅನ್ನ. 'ಬಾಪ್' ಎಂಬ ಒಂದೇ ಪದ ಎರಡು ಅರ್ಥಗಳಲ್ಲಿಯೂ ಸಲ್ಲುತ್ತದೆ. ಎದುರಾದ ಪರಿಚಿತರನ್ನು "ಊಟವಾಯಿತೆ?" ಎಂದು ಕೇಳುವುದು ಅಲ್ಲಿಯೂ ಕುಶಲಪ್ರಶ್ನೆಯೇ. ಅವರ ಅಕ್ಕಿ ಗಿಡ್ಡಕಾಳಿನದು. ಬೆಂದ ಮೇಲೆ ತುಸು ಅಂಟುವುದು. ಒಂದು ಬಟ್ಟಲು ಅನ್ನ, ಒಂದು ಬಟ್ಟಲು ಸಾರು, ನಡುವೆ ಎಲ್ಲರಿಗೂ ಸೇರಿದಂತೆ 'ಬಾನ್‌ಚಾನ್' ಎಂಬ ವ್ಯಂಜನಗಳ ಪುಟ್ಟ ತಟ್ಟೆಗಳು, ಇದು ನಿತ್ಯದ ಬಡಿಸುವಿಕೆ. ಅನ್ನವನ್ನು ಉದ್ದ ಹಿಡಿಯ ಚಮಚದಿಂದ ಉಣ್ಣುವರು. ವ್ಯಂಜನಗಳನ್ನು ಲೋಹದ ಕಡ್ಡಿಗಳಿಂದ ಎತ್ತಿಕೊಳ್ಳುವರು.

ವ್ಯಂಜನಗಳಲ್ಲಿ ಆಡಂಬರವಿಲ್ಲ. ಪಾಲಕ್ ಸೊಪ್ಪನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ತಣ್ಣೀರಿನಲ್ಲಿ ಆರಿಸಿ, ಹಿಂಡಿ, ಜಜ್ಜಿದ ಬೆಳ್ಳುಳ್ಳಿ, ಸೋಯಾ ರಸ, ಹುರಿದೆಳ್ಳಿನ ಎಣ್ಣೆಗಳನ್ನು ಹಾಕಿ ಕೈಯಿಂದಲೇ ಕಲಸಿದರೆ 'ನಾಮುಲ್' ಸಿದ್ಧ. ಅಕ್ಕಿ ತೊಳೆದ ನೀರನ್ನೂ ಜಾಣ ಗೃಹಿಣಿ ಚೆಲ್ಲಳು. ಕನ್ನಡ ನಾಡಿನಲ್ಲಿ ದನಗಳ ಪಾಲಾಗುವ ಅಕ್ಕಚ್ಚು ಅಲ್ಲಿ ಸಾರಿಗೆ ಮಂದತ್ವವನ್ನು ಕೊಡುವುದು. ಅದರಲ್ಲಿ ಒಣಗಿಸಿದ ಸಣ್ಣ ಮೀನು, ಕಡಲಪಾಚಿಗಳ ಸಾರವನ್ನಿಳಿಸಿ, ಸೋಯಾ ಹಿಟ್ಟಣವನ್ನು ಕದಡಿ, ತರಕಾರಿಯ ಹೋಳುಗಳನ್ನು ಬೇಯಿಸುವರು.

ಮೂರು ಭರಣಿಗಳು

ಈ ಸೋಯಾ ಪದಾರ್ಥಗಳೇ ಕೊರಿಯದ ಅಡಿಗೆಗೆ ಆಧಾರ. ಚಳಿಗಾಲದ ಮೊದಲಲ್ಲಿ ಸೋಯಾ ಅವರೆಯನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟಿ, ಬತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುವರು. ಹುಲ್ಲಿನಿಂದಲೂ ಗಾಳಿಯಿಂದಲೂ ಸೂಕ್ಷ್ಮಜೀವಿಗಳು ಸೇರಿ ಇಟ್ಟಿಗೆಗೆ ಬೂಷ್ಟು ಹಿಡಿಯುವುದು. ವಸಂತಕ್ಕೆ ಮುನ್ನ ಅದನ್ನು ತೊಳೆದು, ಒಣಗಿಸಿ, ಮಣ್ಣಿನ ಭರಣಿಯಲ್ಲಿ ಉಪ್ಪುನೀರಿಗೆ ಹಾಕುವರು. ಉಪ್ಪು ಸಾಕೇ ಎಂದು ನೋಡುವುದಕ್ಕೆ ತಕ್ಕಡಿ ಬೇಡ. ಕೋಳಿಮೊಟ್ಟೆ ತೇಲಿ, ನಾಣ್ಯದಗಲದಷ್ಟು ಮೇಲೆ ಕಂಡರೆ ಸರಿ. ಒಣಮೆಣಸಿನಕಾಯಿ, ಇದ್ದಲುಗಳೂ ಭರಣಿಗೆ ಬೀಳುವುವು. ಸುಮಾರು ಎರಡು ತಿಂಗಳಾದ ಮೇಲೆ ಬಸಿದ ಕಪ್ಪು ರಸವೇ 'ಗಾನ್‌ಜಾಂಗ್'. ಉಳಿದ ಗಟ್ಟಿಯೇ 'ದ್ವೆನ್‌ಜಾಂಗ್'. ಮೂರನೆಯದಾದ 'ಗೋಚುಜಾಂಗ್' ಮೆಣಸಿನಪುಡಿ, ಅಂಟಕ್ಕಿ, ಸೋಯಾ ಪುಡಿಗಳಿಂದಾದ ಕೆಂಪು ಹಿಟ್ಟಣ. ಭರಣಿಗಳನ್ನು ಬಿಸಿಲು ಬೀಳುವ ಕಟ್ಟೆಯ ಮೇಲೆ ಸಾಲಾಗಿಡುವರು. ಹಿಂದೆ ಮನೆಯ ಯೋಗ್ಯತೆಯನ್ನು ಆ ಕಟ್ಟೆಯಿಂದಲೇ ಅಳೆಯುತ್ತಿದ್ದರು.

ಕೆಲವು ಹಳೆಯ ಮನೆತನಗಳಲ್ಲಿ ಹಳೆಯ ರಸವನ್ನು ಬೀಜದಂತೆ ಉಳಿಸಿ, ವರ್ಷವರ್ಷವೂ ಹೊಸ ರಸವನ್ನು ಬೆರೆಸುತ್ತ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. 2017ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಸೋಲ್ ನಗರದಲ್ಲಿತ್ತ ಔತಣದಲ್ಲಿ, 360 ವರ್ಷಗಳಿಂದ ಹೀಗೆ ಬಂದ ರಸವನ್ನು ಬಳಸಲಾಯಿತು.

ಹೊರನಾಡಿನ ಅತಿಥಿ

ಇಂದು ಕೊರಿಯದ ಊಟವೆಂದರೆ ಕೆಂಪು ಬಣ್ಣವೇ ಕಣ್ಣ ಮುಂದೆ ನಿಲ್ಲುವುದು. ಆದರೆ ಜಾಂಗ್ ಗ್ಯೆಹ್ಯಾಂಗ್ ಅವರ ಪುಸ್ತಕದಲ್ಲಿ ಮೆಣಸಿನಕಾಯಿಯ ಸುಳಿವೇ ಇಲ್ಲ! ಅಮೆರಿಕ ಖಂಡದ ಈ ಬೆಳೆ ಕೊರಿಯಕ್ಕೆ ಬಂದುದು ಹದಿನಾರನೆಯ ಶತಮಾನದ ಕೊನೆಯ ವೇಳೆಗೆ. 1614ರ ಗ್ರಂಥವೊಂದು ಅದನ್ನು 'ಜಪಾನಿನ ಸಾಸಿವೆ' ಎಂದು ಕರೆದಿದೆ. ಕನ್ನಡಿಗರೂ ಈ ಹೊಸಬನಿಗೆ ಹಳೆಯ ಕರಿಮೆಣಸಿನ ಹೆಸರನ್ನೇ ತೊಡಿಸಿದುದುಂಟು. ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರಿಗೆ ಕೊರಿಯದ ಮೆಣಸಿನಪುಡಿಯ ಗುಣವನ್ನು ವಿವರಿಸಬೇಕಾಗಿಲ್ಲ: ಬಣ್ಣ ಹೆಚ್ಚು, ಉರಿ ಕಡಮೆ.

ಚಳಿಗಾಲದ ಮುಯ್ಯಿ

ಹಿಮ ಬಿದ್ದ ಮೇಲೆ ಹಸಿ ತರಕಾರಿ ಸಿಕ್ಕದ ನಾಡದು. ಆದುದರಿಂದ ನವೆಂಬರ್ ಕೊನೆಯ ಹೊತ್ತಿಗೆ ಇಡೀ ಚಳಿಗಾಲಕ್ಕೆ ಸಾಲುವಷ್ಟು 'ಕಿಮ್ಚಿ'ಯನ್ನು ಹಾಕುವ 'ಕಿಮ್‌ಜಾಂಗ್' ನಡೆಯುವುದು. ನೀಳವಾದ ಕೋಸನ್ನು ಸೀಳಿ ರಾತ್ರಿಯೆಲ್ಲ ಉಪ್ಪಿನಲ್ಲಿ ನೆನೆಸಿ, ತೊಳೆದು, ಬಸಿಯಬೇಕು. ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿಯ ಎಳೆಗಳು, ಉಪ್ಪುಹಾಕಿದ ಸೀಗಡಿಗಳನ್ನು ಅಂಟಕ್ಕಿಯ ಗಂಜಿಯಲ್ಲಿ ಕಲಸಿ, ಎಲೆಯೆಲೆಯ ನಡುವೆಯೂ ಸವರಬೇಕು. ಹಿಂದಿನವರು ಭರಣಿಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳುತ್ತಿದ್ದರು. ಬೌದ್ಧ ಮಠಗಳಲ್ಲಿ ಮಾತ್ರ ಮೀನೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಅಲ್ಲಿಯ ಕಿಮ್ಚಿಯನ್ನು ಶಾಕಾಹಾರಿಗಳು ನಿಶ್ಚಿಂತೆಯಿಂದ ಸವಿಯಬಹುದು. ಕಿಮ್ಚಿಗೆ ಹುಳಿ ಬರಿಸುವ ಲ್ಯೂಕೊನೊಸ್ಟಾಕ್ ಎಂಬ ಜೀವಾಣುಗಳು ರಾತ್ರಿ ಕಳೆಯುವುದರೊಳಗೆ ಇಡ್ಲಿಯ ಹಿಟ್ಟನ್ನು ಉಬ್ಬಿಸುವವುಗಳ ಬಂಧುಗಳೇ!

ದೊಡ್ಡ ಕುಟುಂಬಗಳಲ್ಲಿ ನೂರು ಕೋಸುಗಳೂ ಸಾಲುತ್ತಿರಲಿಲ್ಲ. ಒಬ್ಬರಿಂದಾಗುವ ಕೆಲಸವಲ್ಲ, ಇಂದು ಈ ಮನೆ, ನಾಳೆ ಆ ಮನೆ ಎಂದು ನೆರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಈ ಸಹಕಾರವನ್ನು ಮನ್ನಿಸಿ ಯುನೆಸ್ಕೊ ಸಂಸ್ಥೆಯು ದಕ್ಷಿಣ ಕೊರಿಯದ ಕಿಮ್‌ಜಾಂಗನ್ನು 2013ರಲ್ಲಿಯೂ ಉತ್ತರ ಕೊರಿಯದ ಕಿಮ್ಚಿ ಸಂಪ್ರದಾಯವನ್ನು 2015ರಲ್ಲಿಯೂ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಶ ಎರಡಾದರೂ ಭರಣಿ ಒಂದೇ ಆಗಿ ಉಳಿದಿದೆ.

ಕಟ್ಟೆಯಿಲ್ಲದ ಮನೆಗಳು

ಆದರೆ ಇಂದು ದಕ್ಷಿಣ ಕೊರಿಯದ ನಗರವಾಸಿಗಳಲ್ಲಿ ಬಹುಮಂದಿ ಇರುವುದು ಮುಗಿಲು ಮುಟ್ಟುವ ವಸತಿಗೃಹಗಳಲ್ಲಿ. ಅಲ್ಲಿ ಭರಣಿಯನ್ನು ಹೂಳಲು ಅಂಗಳವೆಲ್ಲಿ? 1990ರ ದಶಕದ ನಡುವಿನಿಂದ, ಹೂಳಿದ ಭರಣಿಯ ತಂಪನ್ನು ಅನುಕರಿಸುವ ಕಿಮ್ಚಿ ಶೀತಕಪಾಟುಗಳು ಮನೆಮನೆಯನ್ನು ಸೇರಿದುವು. ಸೋಯಾ ರಸವೂ ಹಿಟ್ಟಣಗಳೂ ಬಹುಪಾಲು ಕಾರ್ಖಾನೆಗಳಿಂದ ಬರುತ್ತವೆ. ಮನೆಯಲ್ಲಿಯೇ ಇವನ್ನು ತಯಾರಿಸುವ ಜ್ಞಾನವು 2024ರಲ್ಲಿ ಯುನೆಸ್ಕೊ ಪಟ್ಟಿಯನ್ನು ಸೇರಿತು. ಗೌರವವೇನೋ ದೊಡ್ಡದು, ಮಾಡುವ ಕೈಗಳು ಮಾತ್ರ ಕಡಮೆಯಾಗುತ್ತಿವೆ.

ಇದನ್ನು ಬರಿಯ ನಷ್ಟವೆಂದು ಮರುಗುವುದೂ ಸರಿಯಲ್ಲ. ಕೊರೆಯುವ ನೀರಿನಲ್ಲಿ ನೂರು ಕೋಸುಗಳನ್ನು ತೊಳೆದವಳು ಸೊಸೆ; ಅವಳ ಸೊಂಟನೋವನ್ನು ಯಾವ ಪಟ್ಟಿಯೂ ಬರೆದಿಟ್ಟಿಲ್ಲ. ದುಡಿಯಲು ಹೊರಗೆ ಹೋಗುವ ಇಂದಿನ ಹೆಣ್ಣು ಆ ಹೊರೆಯನ್ನು ಇಳಿಸಿದರೆ ಅವಳನ್ನು ದೂರುವುದು ಹೇಗೆ? ಈಗ ಹಲವು ಮನೆಗಳಲ್ಲಿ ಉಪ್ಪಿನಲ್ಲಿ ನೆನೆಸಿದ ಕೋಸನ್ನೇ ಕೊಂಡು ತಂದು, ಗಂಡಸರೂ ಕೈಗವಸು ತೊಟ್ಟು, ಎಲ್ಲರೂ ಸುತ್ತ ಕುಳಿತು ಮಸಾಲೆ ಸವರುವರು. ಹೊರೆ ಹಂಚಿಹೋದಲ್ಲಿ ಹಬ್ಬ ಉಳಿದಿದೆ.

ಅಳತೆಗೆ ಸಿಕ್ಕದ ರುಚಿಯನ್ನು ಕೊರಿಯನ್ನರು 'ಸೊನ್‌ಮಾತ್' ಎನ್ನುವರು. ಕನ್ನಡದ 'ಕೈರುಚಿ' ಅದಕ್ಕೆ ಸರಿಯಾದ ಮಾತು. ಜಾಂಗ್ ಗ್ಯೆಹ್ಯಾಂಗ್ ಅವರ ಹಸ್ತಪ್ರತಿ ಇಂದು ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿ ಜೋಪಾನವಾಗಿದೆ. ಆಕೆ ಬಯಸಿದಂತೆಯೇ ಪುಸ್ತಕ ಉಳಿಯಿತು. ಕೈರುಚಿಯನ್ನು ಮಾತ್ರ ಯಾವ ಕಪಾಟಿನಲ್ಲಿಯೂ ಇಟ್ಟು ಬೀಗ ಹಾಕಲಾಗದು. ಒಂದು ಕೈಯ ಪಕ್ಕದಲ್ಲಿ ಇನ್ನೊಂದು ಕೈ ಕಲಸುತ್ತ ಕುಳಿತಾಗಲೇ ಅದು ದಾಟಬೇಕು.