ಗಾಡಿ ಅಪ್ಪನ ಹೆಸರಲ್ಲಿ, ಸ್ಟೇರಿಂಗ್ ನಮ್ಮ ಕೈಯಲ್ಲಿ

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಕೆಎ-48, ಕೆಎ-29 ಗಾಡಿಗಳೇ ಜಾಸ್ತಿ. 48 ಅಂದರೆ ಜಮಖಂಡಿ ಆರ್‌ಟಿಓ, 29 ಬಾಗಲಕೋಟೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಾವೆಲ್ಲ ದಿನಾ ಓಡಿಸುವ ಈ ಗಾಡಿಗಳಲ್ಲಿ ನಮ್ಮದೇ ಹೆಸರಿನಲ್ಲಿರೋದು ಬೆರಳೆಣಿಕೆಯಷ್ಟು. ಆರ್‌ಸಿ ಅಪ್ಪನ ಹೆಸರಲ್ಲಿ, ಕೆಲವು ಅವ್ವನ ಹೆಸರಲ್ಲಿ, ಒಂದೆರಡು ಕಾಕಾನ ಹೆಸರಲ್ಲಿ.

ಬನಹಟ್ಟಿಯ ನಮ್ಮ ಗೆಳೆಯನೊಬ್ಬ ಮೊನ್ನೆ ಒಂದು ಪ್ರಶ್ನೆ ತಂದ. ಅವನ ಅಣ್ಣ ಎಂಎಸ್ ಮಾಡಲು ಇಂಗ್ಲೆಂಡಿಗೆ ಹೋದವನು ಅಲ್ಲೊಂದು ಹಳೇ ಕಾರು ಕೊಂಡು, ಇನ್ಸೂರೆನ್ಸ್ ದರ ಕೇಳಿ ಗಾಬರಿಯಾದನಂತೆ. ಅಲ್ಲಿನ ಹುಡುಗರು ಅಪ್ಪ-ಅಮ್ಮನ ಹೆಸರನ್ನೂ ಡ್ರೈವರ್ ಅಂತ ಪಾಲಿಸಿಯಲ್ಲಿ ಸೇರಿಸಿ ಪ್ರೀಮಿಯಂ ಇಳಿಸಿಕೊಳ್ಳುತ್ತಾರಂತೆ. "ನಮ್ಮ ಗಾಡಿ ಪಾಲಿಸ್ಯಾಗ ಅಪ್ಪನ ಹೆಸರು ಅಷ್ಟ ಐತಿ, ಓಡಸಾಂವ ನಾನು. ನನ್ನ ಹೆಸರೂ ಸೇರಸಬೇಕೇನ್ಲೇ?" ಅಂತ ಇವನು ಕೇಳಿದ. ನಮಗ್ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಂಗಾಗಿ ಪಾಲಿಸಿ ತರಿಸಿ, ಕೂತು ಓದಿದೆವು.

ಬ್ರಿಟನ್‌ನಲ್ಲಿ ವಿಮಾ ಕಂಪನಿ ನೋಡುವುದು ಮುಖ್ಯವಾಗಿ ಓಡಿಸುವವರನ್ನು. ವಯಸ್ಸೆಷ್ಟು, ಲೈಸನ್ಸ್ ಸಿಕ್ಕು ಎಷ್ಟು ವರ್ಷ ಆಯ್ತು, ಹಿಂದೆ ಅಪಘಾತ ಆಗಿದೆಯಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅನುಭವಿ ಹಿರಿಯರೊಬ್ಬರು ಆಗಾಗ ಅದೇ ಗಾಡಿ ಓಡಿಸುತ್ತಾರೆ ಎಂದರೆ ದರ ಇಳಿಯಬಹುದು. ಆದರೆ ದಿನಾ ಓಡಿಸುವುದು ಮಗ, ಫಾರ್ಮಿನಲ್ಲಿ ಮುಖ್ಯ ಚಾಲಕ ಅಪ್ಪ ಎಂದು ಬರೆದರೆ ಅಲ್ಲಿ ಅದು ಮೋಸ. ಕ್ಲೇಮು ಬಿದ್ದುಹೋಗುತ್ತದೆ.

ನಮ್ಮಲ್ಲಿ ವಿಮೆ ಗಾಡಿಯ ಬೆನ್ನಿಗಿರುತ್ತದೆ. ಥರ್ಡ್ ಪಾರ್ಟಿ ಪ್ರೀಮಿಯಂ ಇಂಜಿನ್ನಿನ ಸಿಸಿ ನೋಡಿ ಸರ್ಕಾರವೇ ಗೊತ್ತು ಮಾಡಿದ ದರ. 2022ರಲ್ಲಿ ನಿಗದಿಯಾದಂತೆ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416. ಓಡಿಸುವವನು ಇಪ್ಪತ್ತರವನೋ ಅರವತ್ತರವನೋ, ಇಲ್ಲಿ ಫರಕಿಲ್ಲ. ಪಾಲಿಸಿಯ ಚಾಲಕರ ಷರತ್ತಿನಲ್ಲಿ ಹೆಸರಿನ ಪಟ್ಟಿಯೇ ಇರುವುದಿಲ್ಲ. ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸನ್ಸ್ ಹೊಂದಿದ ಯಾರು ಬೇಕಾದರೂ ಓಡಿಸಬಹುದು ಎಂಬುದೇ ಅದರ ಅರ್ಥ. ಎಲ್‌ಎಲ್‌ಆರ್ ಇದ್ದವರೂ ಓಡಿಸಬಹುದು, ಪಕ್ಕದಲ್ಲಿ ಲೈಸನ್ಸ್ ಇದ್ದವರು ಕಲಿಸಲು ಕೂತಿರಬೇಕು, ಗಾಡಿಗೆ 'ಎಲ್' ಬೋರ್ಡ್ ಇರಬೇಕು. ಆದ್ದರಿಂದ ಗೆಳೆಯನ ಪ್ರಶ್ನೆಗೆ ನೇರ ಉತ್ತರ: ಹೆಸರು ಸೇರಿಸೋ ಅಗತ್ಯ ಇಲ್ಲ. ಅವನು ಯಾರಿಗಾದರೂ ಗುದ್ದಿದರೆ, ಗಾಡಿ ಜಖಂ ಆದರೆ, ಅಪ್ಪನ ಪಾಲಿಸಿಯೇ ನಡೆಯುತ್ತದೆ.

ಇಷ್ಟಕ್ಕೆ ಪಾಲಿಸಿ ಮಡಿಚಿಡಬಹುದಿತ್ತು. ಆದರೆ ಪ್ರೀಮಿಯಂ ಪಟ್ಟಿಯ ಕೆಳಗೆ ಇನ್ನೊಂದು ಸಾಲಿತ್ತು: 'ಪಿಎ ಕವರ್, ಓನರ್-ಡ್ರೈವರ್, 15 ಲಕ್ಷ'. ಗಾಡಿ ಓಡಿಸುವಾಗ ಮಾಲೀಕ ಸತ್ತರೆ ಪೂರ್ತಿ 15 ಲಕ್ಷ. ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ಇದು ಗಾಡಿಯ ಬೆನ್ನಿಗಿಲ್ಲ, ಮನುಷ್ಯನ ಬೆನ್ನಿಗಿದೆ. ಷರತ್ತು ಮೂರು. ಆರ್‌ಸಿಯಲ್ಲಿ ಅವನ ಹೆಸರಿರಬೇಕು, ಪಾಲಿಸಿಯಲ್ಲಿ ಅವನ ಹೆಸರಿರಬೇಕು, ಅವನಿಗೆ ಚಾಲ್ತಿ ಲೈಸನ್ಸ್ ಇರಬೇಕು.

ನಮ್ಮ ಗೆಳೆಯನ ಅಪ್ಪ ಮಗ್ಗದ ಕೆಲಸದವರು. ಜೀವನದಲ್ಲಿ ಸ್ಟೇರಿಂಗ್ ಹಿಡಿದವರಲ್ಲ. ಲೈಸನ್ಸ್ ಇಲ್ಲ. ಫಾರ್ಮ್ ತುಂಬಿದ ಏಜೆಂಟರು ಕೇಳಲೂ ಇಲ್ಲದೆ 'ಲೈಸನ್ಸ್ ಇದೆ' ಎಂದು ಗುರುತು ಹಾಕಿ ಆ ಕವರಿನ ದುಡ್ಡೂ ಹಿಡಿದಿದ್ದರು. ಅಂದರೆ ದುಡ್ಡು ಕೊಟ್ಟದ್ದು ಅಪ್ಪ, ಓಡಿಸುವುದು ಮಗ, ಆ 15 ಲಕ್ಷ ಇಬ್ಬರಿಗೂ ಇಲ್ಲ. ಲೈಸನ್ಸ್ ಇದ್ದ ಅಪ್ಪಂದಿರೂ ಒಮ್ಮೆ ತೆಗೆದು ತಾರೀಖು ನೋಡಿಕೊಳ್ಳಲಿ. ಐವತ್ತೈದು ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ.

"ಅಪ್ಪನ ಗಾಡಿ ಅಂದ್ರ ನಂದ ಅಲ್ಲೇನು?" ಅಂತ ಅವನು ವಾದ ಮಾಡಿದ. ಮನೆಯಲ್ಲಿ ಹೌದು. ಕೋರ್ಟಿನಲ್ಲಿ ಅದು ಎರವಲು ಗಾಡಿ. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಒಬ್ಬಾತ ಬೇರೆಯವರ ಬೈಕು ಕೇಳಿ ಪಡೆದು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೊರಟಿದ್ದ. ಮುಂದೆ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಬಂಡಿ ಗಪ್ಪನೆ ನಿಂತಿತು. ಬೈಕು ಅದಕ್ಕೆ ಬಡಿದು ಆತ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡ. ಮನೆಯವರು ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ಆ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ 2009ರಲ್ಲಿ ತೀರ್ಪಾಯಿತು. ಎರವಲು ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತಂತೆ; ಮಾಲೀಕ ತನಗೆ ತಾನೇ 'ಥರ್ಡ್ ಪಾರ್ಟಿ' ಆಗಲಾರ; ಆದ್ದರಿಂದ ಯಾರ ತಪ್ಪೆಂದು ನೋಡದೆ ಪರಿಹಾರ ಕೊಡುತ್ತಿದ್ದ ಆಗಿನ 163-ಎ ಕಲಮಿನಡಿ ಅವನ ಮನೆಯವರಿಗೆ ಆ ಕಂಪನಿಯಿಂದ ಸಿಗುವುದಿಲ್ಲ ಎಂದಿತು. ಬೇರೆ ಕಲಮಿನಡಿ ಏನಾದರೂ ಸಲ್ಲುತ್ತದೆಯೇ ನೋಡಿ ಎಂದು ಹೈಕೋರ್ಟಿಗೆ ವಾಪಸ್ ಕಳಿಸಿತು. 2020ರಲ್ಲಿ ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ, ಮಾಲೀಕನ ಜಾಗದಲ್ಲಿ ನಿಂತವನಲ್ಲವೇ ಎಂದು ಪಾಲಿಸಿಯಲ್ಲಿದ್ದ ಓನರ್-ಡ್ರೈವರ್ ಮೊತ್ತವನ್ನು ಕೊಡಿಸಿತು. ಆ ಮೊತ್ತ ಒಂದು ಲಕ್ಷ. ಅಷ್ಟಕ್ಕೆ ಒಂದು ಕುಟುಂಬ ದಿಲ್ಲಿ ತನಕ ಹೋಗಬೇಕಾಯ್ತು ಅನ್ನೋದೂ ನೆನಪಿರಲಿ.

ಕಬ್ಬಿನ ಸೀಜನ್ನಿನಲ್ಲಿ ರಾತ್ರಿ ಜಮಖಂಡಿ-ಮುಧೋಳ ರೋಡಿನಲ್ಲಿ ಬಂದವರಿಗೆ ಆ ಎತ್ತಿನ ಬಂಡಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈಗ ಅದರ ಜಾಗದಲ್ಲಿ ಎರಡು ಟ್ರೇಲರಿನ ಟ್ರ್ಯಾಕ್ಟರ್ ಇದೆ. ಎಷ್ಟೋ ಟ್ರೇಲರಿಗೆ ಹಿಂದೆ ದೀಪ ಇಲ್ಲ, ರಿಫ್ಲೆಕ್ಟರೂ ಇಲ್ಲ.

ಹಂಗಾದರೆ ಆರ್‌ಸಿಯನ್ನೇ ನಮ್ಮ ಹೆಸರಿಗೆ ಮಾಡಿಸೋದಾ? ಮಾಡಿಸಬಹುದು. ಫಾರಂ 29, 30 ತುಂಬಿ ಆರ್‌ಟಿಓಗೆ ಕೊಡಬೇಕು, 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲವಾದರೆ ಥರ್ಡ್ ಪಾರ್ಟಿ ಭಾಗ ತಾನಾಗಿಯೇ ಮುಂದುವರಿದರೂ ನಮ್ಮ ಗಾಡಿಯ ಜಖಂಗೆ ತಕರಾರು ಬರುತ್ತದೆ. ಪಿಎ ಕವರನ್ನು ಹೊಸದಾಗಿ ನಮ್ಮ ಹೆಸರಲ್ಲಿ ತಗೋಬೇಕು. ನಷ್ಟ ಏನಂದರೆ ನೋ ಕ್ಲೇಮ್ ಬೋನಸ್. ಕ್ಲೇಮು ಮಾಡದ ವರ್ಷಗಳಿಗೆ 20ರಿಂದ ಶುರುವಾಗಿ 50 ಪರ್ಸೆಂಟ್‌ವರೆಗೆ ಸಿಗುವ ಈ ರಿಯಾಯಿತಿ ಅಪ್ಪನದು, ಗಾಡಿಯದಲ್ಲ. ನಮ್ಮ ಹೆಸರಿಗೆ ಬಂದ ದಿನ ನಮ್ಮದು ಸೊನ್ನೆಯಿಂದ ಶುರು. ಜೊತೆಗೆ, ಮುಂದೆ ಆ ಗಾಡಿಯಿಂದ ಯಾರಿಗಾದರೂ ಏನಾದರೂ ಆದರೆ ಕೋರ್ಟಿನ ನೋಟೀಸು ಬರೋದೂ ನಮ್ಮ ಹೆಸರಿಗೇ.

ಇನ್ನೂ ಓದುತ್ತಿರುವ ನಮ್ಮಂಥವರಿಗೆ ಇದಕ್ಕಿಂತ ಹಗುರ ದಾರಿ ಇದೆ ಅನ್ನೋದು ನಮ್ಮ ಅಭಿಪ್ರಾಯ. ಗಾಡಿ ಅಪ್ಪನ ಹೆಸರಲ್ಲೇ ಇರಲಿ, ನಮ್ಮ ಹೆಸರಲ್ಲಿ ಬೇರೆಯೇ ಒಂದು ಅಪಘಾತ ವಿಮೆ ಮಾಡಿಸೋದು. ಅದು ಅಪ್ಪನ ಕಾರಿಗೂ ಆಯ್ತು, ಗೆಳೆಯನ ಬೈಕಿಗೂ ಆಯ್ತು, ಬಸ್ಸಿಗೂ ಆಯ್ತು. ಏನೂ ಇಲ್ಲವೆಂದರೂ ಬ್ಯಾಂಕ್ ಖಾತೆ ಇದ್ದವರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು: 18 ತುಂಬಿರಬೇಕು, ವರ್ಷಕ್ಕೆ 20 ರೂಪಾಯಿ, 2 ಲಕ್ಷದ ರಕ್ಷಣೆ. ಕ್ಯಾಂಟೀನಿನ ಎರಡು ಚಹಾದ ದುಡ್ಡು. ಕಾರಿನ ಪಾಲಿಸಿಯಲ್ಲೇ ಹೆಸರು ಹೇಳಿ ಸೇರಿಸುವ ಪಿಎ ಕೂಡ ಇದೆ, ನಮ್ಮ ದೇಶದಲ್ಲಿ 'ಹೆಸರು ಸೇರಿಸೋದು' ಅಂದರೆ ಅದೊಂದೇ. ಆದರೆ ಹಳೇ ಟ್ಯಾರಿಫ್ ಪ್ರಕಾರ ಅದರ ಮಿತಿಯೂ ತಲೆಗೆ 2 ಲಕ್ಷವೇ.

ಮನೆಯಲ್ಲಿ ಪಿಯುಸಿ ಓದುವ ತಮ್ಮ ಇದ್ದರೆ ಕೀಲಿ ಎತ್ತಿಡಿ. 2019ರ ತಿದ್ದುಪಡಿಯ ನಂತರ 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಬನಹಟ್ಟಿ ಗೆಳೆಯ ಆ ಭಾನುವಾರ ಊರಿಗೆ ಹೋಗಿ ಏಜೆಂಟರ ಹತ್ತಿರ ಅಪ್ಪನ ಪಿಎ ತೆಗೆಸಿ, ತನ್ನ ಹೆಸರಲ್ಲಿ ಬೇರೆ ವಿಮೆ ಮಾಡಿಸಿದ. ನಾಮಿನಿ ಕಾಲಮಿಗೆ ಬಂದಾಗ ಅವರಪ್ಪ, "ಅಲ್ಲಿ ನನ್ನ ಹೆಸರು ಯಾಕ್ ಬರೀತಿಯೋ, ನಿಮ್ಮವ್ವಂದು ಬರಿ" ಅಂದರಂತೆ. ಅವ್ವ ಅದನ್ನೂ ಬರೆಯಲು ಬಿಡಲಿಲ್ಲವಂತೆ, ಇಂಥ ಮಾತು ಮನ್ಯಾಗ ಆಡಬಾರದು ಅಂತ. ಹೊರಗೆ ಕಟ್ಟೆಗೆ ಬಂದು ಬರೆದ.