ಹಾಲುಹಲ್ಲುಗಳ ಆರೈಕೆ

“ಹೇಗೂ ಬಿದ್ದುಹೋಗುವ ಹಲ್ಲುಗಳಿಗೆ ಇಷ್ಟೊಂದು ಉಪಚಾರವೇಕೆ?” ಎಂದು ಕೇಳುವ ಹಿರಿಯರು ನಮ್ಮ ಮನೆಗಳಲ್ಲಿ ಬಹುಮಂದಿಯಿದ್ದಾರೆ. ಬಿದ್ದುಹೋಗುವುದೇನೋ ನಿಜ, ಆದರೆ ಎಂದು? ಮುಂದಿನ ಹಲ್ಲುಗಳು 6–7 ವರ್ಷಗಳವರೆಗೂ, ದವಡೆಯ ಹಲ್ಲುಗಳು 10–12 ವರ್ಷಗಳವರೆಗೂ ಬಾಯಲ್ಲಿ ನಿಂತಿರತಕ್ಕವು. ಅಷ್ಟು ಕಾಲವೂ ಮಗುವು ಅವುಗಳಿಂದಲೇ ಅನ್ನವನ್ನು ಅಗಿಯಬೇಕು. ಅವುಗಳ ನೆರವಿನಿಂದಲೇ ಅಕ್ಷರಗಳನ್ನು ಸ್ಪಷ್ಟವಾಗಿ ಉಚ್ಚರಿಸಲು ಕಲಿಯಬೇಕು. ಅಲ್ಲದೆ, ಮುಂದೆ ಬರಲಿರುವ ಸ್ಥಿರದಂತಗಳಿಗೆ ಸ್ಥಳವನ್ನು ಕಾದಿರಿಸುವವೂ ಅವೇ. ದವಡೆಯ ಹಾಲುಹಲ್ಲೊಂದನ್ನು ಹುಳುಕಿನ ದೆಸೆಯಿಂದ ಕಾಲಕ್ಕೆ ಮುಂಚೆ ಕೀಳಿಸಬೇಕಾಗಿ ಬಂದರೆ, ನೆರೆಯ ಹಲ್ಲು ಆ ತೆರವಿಗೆ ಸರಿದು, ಹೊಸ ಹಲ್ಲು ಎಡೆಯಿಲ್ಲದೆ ಸೊಟ್ಟಾಗಿ ಹುಟ್ಟುವುದುಂಟು.

ಸಾಮಾನ್ಯವಾಗಿ 6ನೆಯ ತಿಂಗಳಿನಿಂದಾಚೆಗೆ ಕೆಳಗಿನ ಎರಡು ಮುಂಬಲ್ಲುಗಳು ಮೊದಲು ಮೂಡುತ್ತವೆ. 3 ವರ್ಷ ತುಂಬುವ ವೇಳೆಗೆ ಇಪ್ಪತ್ತೂ ಬಂದಿರುತ್ತವೆ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆಂದು ಅಂಜುವವರು ಇನ್ನೂ ಇದ್ದಾರೆ. ಇದು ಒಂದೊಂದು ಕೂಸಿನ ದೇಹಪ್ರಕೃತಿಯ ವ್ಯತ್ಯಾಸವಲ್ಲದೆ ಬೇರೇನೂ ಅಲ್ಲ, ಸೋದರಮಾವಂದಿರು ನಿಶ್ಚಿಂತರಾಗಿರಬಹುದು. ಆದರೆ ಇದಕ್ಕಿಂತ ಅಪಾಯಕರವಾದ ನಂಬಿಕೆ ಇನ್ನೊಂದಿದೆ. ಹಲ್ಲು ಬರುವ ಕಾಲದಲ್ಲಿ ಕೂಸಿಗೆ ಏನೇ ಆದರೂ ಅದನ್ನು ಹಲ್ಲಿನ ತಲೆಗೇ ಕಟ್ಟುವುದು! ಜೊಲ್ಲು ಸುರಿಯುವುದು, ರಚ್ಚೆ ಹಿಡಿಯುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ಇವು ಹಲ್ಲಿನಿಂದಾಗತಕ್ಕವು. ಬಲವಾದ ಜ್ವರವೂ ಭೇದಿಯೂ ಹಲ್ಲಿನಿಂದ ಬರುವುದಿಲ್ಲ. ಆ ವಯಸ್ಸಿನಲ್ಲಿ ಕೂಸು ಅಂಬೆಗಾಲಿಡುತ್ತ ನೆಲದ ಮೇಲಿನ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಸೋಂಕು ತಗಲುವುದು ಸುಲಭ. “ಹಲ್ಲಿನ ಭೇದಿ, ತಾನೇ ನಿಲ್ಲುತ್ತದೆ” ಎಂದು ಕಾದು ಕುಳಿತರೆ, ಮೈಯ ನೀರೆಲ್ಲ ಆರಿ ಕೂಸಿನ ಪ್ರಾಣಕ್ಕೇ ಕುತ್ತು ಬಂದೀತು. ಅಂತಹ ಕೂಸನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಒಸಡಿನ ನೋವಿಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಕಚ್ಚಲು ಕೊಟ್ಟರೆ ಸಾಕು. ಒಸಡನ್ನು ಮರಗಟ್ಟಿಸುವ ಬೆಂಜೊಕೇನ್ ಲೇಪಗಳು 2 ವರ್ಷದೊಳಗಿನ ಮಕ್ಕಳಿಗೆ ತಕ್ಕವಲ್ಲವೆಂದು ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆಯು 2018ರಲ್ಲಿ ಎಚ್ಚರಿಸಿತು. ಅವು ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸಬಲ್ಲವು. ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸುವ ಪದ್ಧತಿಯನ್ನೂ ಬಿಡಬೇಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪವೇ ವರ್ಜ್ಯ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಬಲ್ಲವು.

ಇನ್ನು ಹುಳುಕಿನ ವಿಚಾರ. ಹಲ್ಲಿನೊಳಗೆ ಹುಳುವೇನೂ ಇರುವುದಿಲ್ಲ. ಬಾಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ತಿಂದು ಹುಳಿಯನ್ನು ಮಾಡುತ್ತವೆ. ಆ ಹುಳಿಯು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹಗಲಿನಲ್ಲಿ ಎಂಜಲು ಬಾಯನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಅದರ ಸ್ರಾವ ಬಹಳ ಕಡಿಮೆ. ಆದಕಾರಣ ಸಕ್ಕರೆ ಬೆರಸಿದ ಹಾಲಿನ ಶೀಶೆಯನ್ನು ಬಾಯಲ್ಲಿಟ್ಟು ಮಲಗಿಸುವುದಕ್ಕಿಂತ ಕೆಟ್ಟ ಅಭ್ಯಾಸ ಮತ್ತೊಂದಿಲ್ಲ. ಮೇಲಿನ ಮುಂಬಲ್ಲುಗಳು ರಾತ್ರಿಯೆಲ್ಲ ಆ ಸಿಹಿಯಲ್ಲಿ ನೆನೆದು ಮೊದಲು ಕೆಡುತ್ತವೆ. ಕೆಳಗಿನವು ನಾಲಿಗೆಯ ಮರೆಯಲ್ಲಿರುವುದರಿಂದ ಎಷ್ಟೋ ವೇಳೆ ಉಳಿದುಕೊಳ್ಳುತ್ತವೆ. ನಮ್ಮ ಅಜ್ಜಿಯರ ಒಳಲೆ ಈ ದೃಷ್ಟಿಯಿಂದ ಎಷ್ಟೋ ಮೇಲು: ಅದನ್ನು ಬಾಯಲ್ಲಿಟ್ಟು ಮಲಗಿಸಲು ಬಾರದು, ತೊಳೆಯುವುದೂ ಸುಲಭ. ನಮ್ಮ ದೇಶದ 1992ರ ಕಾಯಿದೆಯು ಹಾಲೂಡಿಸುವ ಶೀಶೆಗಳ ಜಾಹೀರಾತನ್ನೇ ನಿಷೇಧಿಸಿದೆ. ರಾಗಿಸರಿಯು ಉತ್ತಮವಾದ ಆಹಾರ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವವಿದೆ. ಆದರೆ ಅದಕ್ಕೆ ಬೆಲ್ಲ ಬೆರಸಬೇಕಾಗಿಲ್ಲ. ಕೂಸಿಗೆ ಸಪ್ಪೆಯೆನ್ನಿಸುವುದಿಲ್ಲ, ಸಪ್ಪೆಯೆನ್ನಿಸುವುದು ನಮಗೆ.

ತಾಯಿಯು ತನ್ನ ಬಾಯಲ್ಲಿ ರುಚಿನೋಡಿದ ಚಮಚದಿಂದಲೇ ಉಣ್ಣಿಸಿದರೆ ಅವಳ ಬಾಯಿಯ ಸೂಕ್ಷ್ಮಾಣುಗಳು ಮಗುವಿಗೆ ದಾಟುತ್ತವೆ. ಆದುದರಿಂದ ತಾಯಿಯ ಹುಳುಕುಹಲ್ಲಿಗೂ ಚಿಕಿತ್ಸೆಯಾಗಬೇಕು.

ಹಲ್ಲು ಬರುವ ಮೊದಲು ಬೆರಳಿಗೆ ಒದ್ದೆಬಟ್ಟೆ ಸುತ್ತಿ ಒಸಡನ್ನು ಒರಸಬೇಕು. ಮೊದಲ ಹಲ್ಲು ಕಂಡೊಡನೆಯೆ ಮೃದುವಾದ ಪುಟ್ಟ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ಉಜ್ಜಬೇಕು. ಮಲಗುವ ಮುಂಚಿನದನ್ನಂತೂ ತಪ್ಪಿಸಲಾಗದು. ಫ್ಲೋರೈಡ್ ಉಳ್ಳ ಪೇಸ್ಟನ್ನು 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಹಚ್ಚಿದರೆ ಸಾಕು. ಕೋಲಾರ, ತುಮಕೂರು, ರಾಯಚೂರು ಮೊದಲಾದ ಕಡೆಗಳಲ್ಲಿ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದು, ಹಲ್ಲುಗಳಿಗೆ ಕಲೆ ಕಟ್ಟುತ್ತದೆ. ಅಲ್ಲಿಯವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಪೇಸ್ಟಿನ ವಿಚಾರದಲ್ಲಿ ದಂತವೈದ್ಯರ ಸಲಹೆಯನ್ನು ಪಡೆಯಬೇಕು.

ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿಯನ್ನು ಎತ್ತಿ ಬೆಳಕಿನಲ್ಲಿ ನೋಡಿರಿ. ಒಸಡಿನ ಅಂಚಿನಲ್ಲಿ ಸುಣ್ಣದ ಗೆರೆಯಂತೆ ಬಿಳುಪು ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಅದನ್ನು ತಡೆಯಬಹುದು, ಕಂದುಬಣ್ಣದ ಗುಳಿ ಬಿದ್ದಮೇಲೆ ತುಂಬಿಸಲೇಬೇಕಾದೀತು. ಏನೂ ಕಾಣದಿದ್ದರೂ ಮೊದಲ ಹುಟ್ಟುಹಬ್ಬದೊಳಗಾಗಿ ದಂತವೈದ್ಯರಿಗೆ ಒಮ್ಮೆ ತೋರಿಸಿರಿ. 6ನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ದೊಡ್ಡ ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದು ಬಗೆದು ಅಲಕ್ಷಿಸುವವರು ಅನೇಕರು. ಅದು ಸ್ಥಿರದಂತ, ಹೋದರೆ ಅದರ ಜಾಗದಲ್ಲಿ ಮತ್ತೊಂದು ಹುಟ್ಟುವುದಿಲ್ಲ.